ಕಡಲು ಕಾಣದ ಬಂದರು: ಬ್ರಿಸ್ಟಲ್ ಹುಟ್ಟಿ ಬೆಳೆದ ಬಗೆ

ಪ್ರಶ್ನೆ: ಮಗಳು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಓದುತ್ತಿದ್ದಾಳೆ. ಕಳೆದ ಬೇಸಿಗೆಯಲ್ಲಿ ನಾವಿಬ್ಬರೂ ಹೋಗಿ ರಾಜಾ ರಾಮಮೋಹನ ರಾಯರ ಸಮಾಧಿ ನೋಡಿ ಬಂದೆವು. ದೊಡ್ಡ ಬಂದರು ಎಂಬ ಹೆಸರಿನ ಊರು, ಆದರೆ ಎಲ್ಲಿ ನಿಂತರೂ ಕಡಲು ಕಾಣಲಿಲ್ಲ. ಇಷ್ಟು ಒಳನಾಡಿನಲ್ಲಿ, ಒಂದು ಸಣ್ಣ ನದಿಯ ದಡದಲ್ಲಿ ಬಂದರು ಕಟ್ಟಿದವರು ಯಾರು? ರೋಮನರೇ? ಗುಲಾಮರ ವ್ಯಾಪಾರದಿಂದಲೇ ಊರು ಬೆಳೆಯಿತು ಎನ್ನುತ್ತಾರಲ್ಲ, ಅದಕ್ಕೂ ಮೊದಲು ಅಲ್ಲಿ ಏನಿತ್ತು?
ಒಬ್ಬ ಓದುಗರು, ಮೈಸೂರು

ಉತ್ತರ: ಬ್ರಿಸ್ಟಲ್‌ನಿಂದ ಕಡಲು ಕಾಣುವುದಿಲ್ಲ, ನಿಜ. ಆದರೆ ಕಡಲೇ ದಿನಕ್ಕೆರಡು ಸಲ ಆ ಊರಿಗೆ ಬಂದು ಹೋಗುತ್ತಿತ್ತು. ನೀವು ನೋಡಿದ್ದು ಕಟ್ಟಿ ನಿಲ್ಲಿಸಿದ ನೀರು. 1809ರಲ್ಲಿ ಏವನ್ ನದಿಗೆ ಬಾಗಿಲುಗಳನ್ನು ಹಾಕಿ, ಊರಿನ ನಡುವಿನ ನೀರು ಏರಿಳಿಯದಂತೆ ಮಾಡಿದರು. ಅದಕ್ಕಿಂತ ಹಿಂದಿನ ಬ್ರಿಸ್ಟಲ್ ಅರ್ಥವಾಗಬೇಕಾದರೆ ಆ ಬಾಗಿಲುಗಳನ್ನು ಮನಸ್ಸಿನಲ್ಲೇ ಕಿತ್ತು ಹಾಕಬೇಕು.

ಏವನ್ ಕಡಲು ಸೇರುವ ಅಳಿವೆಯಲ್ಲಿ ಉಬ್ಬರ ಇಳಿತಗಳ ಅಂತರ ದೊಡ್ಡ ದಿನಗಳಲ್ಲಿ ಸುಮಾರು 14 ಮೀಟರ್. ಅಂದರೆ ನಾಲ್ಕು ಅಂತಸ್ತಿನ ಕಟ್ಟಡದಷ್ಟು ನೀರು ಏರಿ, ಆರು ಗಂಟೆಯೊಳಗೆ ಮತ್ತೆ ಇಳಿಯುತ್ತದೆ. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಉಬ್ಬರ ಕಾಣುವ ಜಾಗ ಒಂದೆರಡು ಇರಬಹುದು, ಅಷ್ಟೇ. ಹಡಗಿನವರು ಅಳಿವೆಯಲ್ಲಿ ಲಂಗರು ಹಾಕಿ ಕಾಯುತ್ತಿದ್ದರು. ಉಬ್ಬರ ಶುರುವಾದೊಡನೆ ಲಂಗರು ಎತ್ತಿದರೆ, ಗಾಳಿ ಇಲ್ಲದಿದ್ದರೂ ನೀರೇ ಅವರನ್ನು ಬಂಡೆಗಳ ಕಣಿವೆಯೊಳಗಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಕ್ಕೆ, ಊರಿನ ಸೇತುವೆಯ ಬುಡದವರೆಗೆ ಹೊತ್ತು ತರುತ್ತಿತ್ತು. ಕಷ್ಟ ಆಮೇಲೆ. ನೀರು ಇಳಿದರೆ ಹಡಗು ಕೆಸರಿನ ಮೇಲೆ ಕುಳಿತುಬಿಡುತ್ತಿತ್ತು, ಒಂದು ಪಕ್ಕಕ್ಕೆ ವಾಲಿಕೊಂಡು. ಅಡಿಭಾಗ ಗಟ್ಟಿಯಿಲ್ಲದ ಹಡಗಿನ ಬೆನ್ನುಮೂಳೆಯೇ ಮುರಿಯುತ್ತಿತ್ತು. ಸರಕನ್ನು ಬಿಗಿದು ಕಟ್ಟದಿದ್ದರೆ ಎಲ್ಲವೂ ಉರುಳಿ ಒಂದು ಮೂಲೆ ಸೇರುತ್ತಿತ್ತು. ಅಚ್ಚುಕಟ್ಟಾದ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಬ್ರಿಸ್ಟಲ್ ರೀತಿ’ ಎಂಬ ಮಾತು ಉಂಟು. ಅದು ಹುಟ್ಟಿದ್ದು ಈ ಕೆಸರಿನಲ್ಲೇ ಎಂದು ಆ ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಇಷ್ಟೆಲ್ಲ ತಾಪತ್ರಯ ಪಟ್ಟು ಒಳಗೆ ಬರುವುದೇಕೆ? ಆ ಕಾಲದಲ್ಲಿ ಭಾರದ ಸರಕನ್ನು ನೀರಿನ ಮೇಲೆ ಸಾಗಿಸುವುದು ಅಗ್ಗ, ನೆಲದ ಮೇಲೆ ಸಾಗಿಸುವುದು ದುಬಾರಿ. ಹಡಗು ಎಷ್ಟು ಒಳನಾಡಿಗೆ ಬಂದರೆ ಅಷ್ಟು ಗಾಡಿ ಬಾಡಿಗೆ ಉಳಿಯಿತು. ಜೊತೆಗೆ, ಆ ಇಕ್ಕಟ್ಟಿನ ಕಣಿವೆಯಲ್ಲಿ ಯಾವ ಕಡಲುಗಳ್ಳನೂ ಸದ್ದಿಲ್ಲದೆ ಬಂದು ಊರಿಗೆ ಬೆಂಕಿಯಿಟ್ಟು ಓಡಿಹೋಗುವಂತಿರಲಿಲ್ಲ. ನುಗ್ಗಿದವನು ವಾಪಸ್ ಹೋಗಲು ಮುಂದಿನ ಇಳಿತದವರೆಗೆ ಕಾಯಬೇಕಲ್ಲ!

ಇನ್ನು ರೋಮನರ ವಿಚಾರ. ಅವರು ಆ ಸೀಮೆಯಲ್ಲಿ ಇದ್ದರು, ಆದರೆ ಬ್ರಿಸ್ಟಲ್ ಕಟ್ಟಲಿಲ್ಲ. ಅವರ ಪುಟ್ಟ ಬಂದರು ಅಬೋನಾ ಇದ್ದದ್ದು ನದಿಯಲ್ಲಿ ಇನ್ನೂ ಕೆಳಗೆ, ಟ್ರಿಮ್ ಎಂಬ ತೊರೆ ಏವನ್ ಸೇರುವಲ್ಲಿ. ಇವತ್ತು ಆ ಜಾಗದ ಹೆಸರು ಸೀ ಮಿಲ್ಸ್. ಅಲ್ಲಿಂದ ಬಾತ್ ಪಟ್ಟಣಕ್ಕೆ ರಸ್ತೆ ಇತ್ತು. 1947ರಲ್ಲಿ ಊರಂಚಿನಲ್ಲಿ ಮನೆಗಳ ಬಡಾವಣೆಗೆ ನೆಲ ಅಗೆಯುವಾಗ ಕಿಂಗ್ಸ್ ವೆಸ್ಟನ್ ಬಳಿ ಒಬ್ಬ ರೋಮನ್ ಸಾಹುಕಾರನ ಮನೆಯ ತಳಪಾಯ ಸಿಕ್ಕಿತು. ಈಗಿನ ಊರಿನ ನಡುಭಾಗದಲ್ಲಿ ಮಾತ್ರ ರೋಮನ್ ಪಟ್ಟಣದ ಕುರುಹಿಲ್ಲ.

ಆದರೂ ಯಾವ ಊರಿಗೆ ತಾನು ಹಳೆಯದು ಎನಿಸಿಕೊಳ್ಳುವ ಆಸೆ ಇರುವುದಿಲ್ಲ? 1479ರಲ್ಲಿ ರಾಬರ್ಟ್ ರಿಕಾರ್ಟ್ ಎಂಬ ಪಟ್ಟಣದ ಗುಮಾಸ್ತ ಮೇಯರ್‌ಗಳ ದಫ್ತರವನ್ನು ಬರೆಯಲು ಕುಳಿತಾಗ, ಬ್ರೆನಸ್ ಎಂಬ ಪುರಾಣದ ರಾಜನೇ ಬ್ರಿಸ್ಟಲ್‌ನ ಸ್ಥಾಪಕ ಎಂದು ಬರೆದಿಟ್ಟ. ಬ್ರೆನಸ್ ಮತ್ತು ಅವನ ಅಣ್ಣ ಬೆಲಿನಸ್ ಇಬ್ಬರೂ ಇವತ್ತಿಗೂ ಸೇಂಟ್ ಜಾನ್ಸ್ ಹೆಬ್ಬಾಗಿಲಿನ ಮೇಲೆ ಕಲ್ಲಿನ ಮೂರ್ತಿಗಳಾಗಿ ಕುಳಿತಿದ್ದಾರೆ. ಸ್ಥಳಪುರಾಣವನ್ನು ಸ್ಥಳಪುರಾಣದಂತೆ ಓದಿಕೊಂಡರೆ ತೊಂದರೆ ಇಲ್ಲ. ರಿಕಾರ್ಟನ ದೊಡ್ಡ ಉಪಕಾರ ಬೇರೆ ಇದೆ: ಊರಿನ ಒಂದು ಚಿತ್ರವನ್ನೂ ಅವನು ಬರೆಸಿದ. ನಡುವೆ ಎತ್ತರದ ಶಿಲುಬೆ, ಅಲ್ಲಿಂದ ನಾಲ್ಕು ದಿಕ್ಕಿಗೆ ನಾಲ್ಕು ಬೀದಿ, ಪ್ರತಿ ಬೀದಿಯ ಕೊನೆಗೊಂದು ಹೆಬ್ಬಾಗಿಲು. ಇಂಗ್ಲೆಂಡಿನ ಪಟ್ಟಣಗಳ ನಕ್ಷೆಗಳಲ್ಲಿ ತೀರ ಹಳೆಯದು ಇದು. ಆ ನಾಲ್ಕು ಬೀದಿಗಳ ಕೂಡುರಸ್ತೆಯಲ್ಲಿ ನಿಮ್ಮ ಮಗಳು ಎಷ್ಟೋ ಸಲ ನಡೆದಿರುತ್ತಾಳೆ.

ಊರನ್ನು ನಿಜವಾಗಿ ಹುಟ್ಟಿಸಿದ್ದು ಒಂದು ಸೇತುವೆ. ಹಳೆಯ ಇಂಗ್ಲಿಷಿನಲ್ಲಿ ‘ಬ್ರಿಜ್‌ಸ್ಟೋ’ ಎಂದರೆ ಸೇತುವೆಯ ಜಾಗ. ಕೊನೆಯಲ್ಲಿರುವ ‘ಲ್’ ಆಮೇಲೆ ಅಂಟಿದ್ದು. ಸ್ವರದಿಂದ ಮುಗಿಯುವ ಪದಕ್ಕೆ ‘ಲ್’ ಸೇರಿಸಿ ಮಾತನಾಡುವುದು ಆ ಊರಿನ ಹಳೆಯ ಚಾಳಿ. ಏವನ್ ಮತ್ತು ಫ್ರೂಮ್ ಎಂಬ ಎರಡು ನದಿಗಳ ನಡುವೆ ಕೆಂಪು ಮರಳುಗಲ್ಲಿನ ಒಂದು ದಿಬ್ಬ. ಅದರ ಬುಡದಲ್ಲಿ ದಾಟಲು ಸೇತುವೆ. ಸೇತುವೆಯವರೆಗೂ ಬರುವ ಉಬ್ಬರ. ರಸ್ತೆ ನದಿಯನ್ನು ದಾಟುವ ಜಾಗಕ್ಕೇ ಹಡಗೂ ಬಂದು ನಿಲ್ಲುತ್ತದೆ ಎಂದಮೇಲೆ ಸಂತೆ ಸೇರದೆ ಇರುತ್ತದೆಯೇ? 11ನೇ ಶತಮಾನದ ಆರಂಭಕ್ಕೆ ಅಲ್ಲಿ ಟಂಕಸಾಲೆಯೇ ಇತ್ತು. ಅಲ್ಲಿ ಮುದ್ರಿಸಿದ ಬೆಳ್ಳಿ ಪೆನ್ನಿಗಳ ಮೇಲೆ ಊರಿನ ಹೆಸರು ಚುಟುಕಾಗಿ ಕೆತ್ತಿದೆ. ಆ ಬೆಳ್ಳಿ ನಾಣ್ಯಕ್ಕಿಂತ ಹಳೆಯ ದಾಖಲೆ ಊರಿಗೆ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಊರು ಮುಖ ಮಾಡಿದ್ದು ಐರ್ಲೆಂಡಿನ ಕಡೆಗೆ. 1051ರಲ್ಲಿ ರಾಜನ ಜೊತೆ ಮನಸ್ತಾಪವಾದಾಗ ಗಾಡ್ವಿನ್ ಮನೆತನದ ಹೆರಾಲ್ಡ್ ಇಲ್ಲಿಂದಲೇ ಹಡಗು ಹತ್ತಿ ಐರ್ಲೆಂಡಿಗೆ ಓಡಿದ. 1063ರಲ್ಲಿ ವೇಲ್ಸ್ ಮೇಲೆ ದಂಡೆತ್ತಿ ಹೋಗಲು ಇಲ್ಲಿಂದಲೇ ನೌಕಾಪಡೆ ಹೊರಡಿಸಿದ. ಮುಂದೆ ಇಂಗ್ಲೆಂಡಿನ ರಾಜನಾದ ಅವನು 1066ರಲ್ಲಿ ಫ್ರಾನ್ಸಿನಿಂದ ದಂಡೆತ್ತಿ ಬಂದ ನಾರ್ಮನರಿಗೆ ಸೋತು ಹೇಸ್ಟಿಂಗ್ಸ್‌ನಲ್ಲಿ ಸತ್ತ ಮೇಲೆ, 1068ರಲ್ಲಿ ಅವನ ಮಕ್ಕಳು ಐರ್ಲೆಂಡಿನಿಂದ ದಂಡು ಕಟ್ಟಿಕೊಂಡು ಬ್ರಿಸ್ಟಲ್‌ಗೆ ಬಂದರು. ಊರಿನವರು ಬಾಗಿಲು ತೆರೆಯಲಿಲ್ಲ, ಹೊಡೆದು ಓಡಿಸಿದರು. ವರ್ತಕರಿಗೆ ಹಳೆಯ ರಾಜನ ಮಕ್ಕಳಿಗಿಂತ ಹೊಸ ರಾಜನ ಶಾಂತಿಯೇ ಹೆಚ್ಚು ಬೆಲೆಯದ್ದಾಗಿ ಕಂಡಿರಬೇಕು.

ಗುಲಾಮರ ವ್ಯಾಪಾರಕ್ಕೂ ಮೊದಲು ಏನಿತ್ತು ಎಂದು ಕೇಳಿದ್ದೀರಿ. ಅದಕ್ಕೂ ಮೊದಲು ಇದ್ದದ್ದು ಇನ್ನೊಂದು ಗುಲಾಮರ ವ್ಯಾಪಾರ. ಆಫ್ರಿಕಾದ ಜನರನ್ನು ಅಟ್ಲಾಂಟಿಕ್ ದಾಟಿಸಿ ಮಾರಿದ ಕಥೆ ಬಹುಮಟ್ಟಿಗೆ 1698ರ ನಂತರದ್ದು. ಆ ವರ್ಷ ಲಂಡನ್ನಿನ ಒಂದು ಕಂಪನಿಗಿದ್ದ ಏಕಸ್ವಾಮ್ಯ ತಪ್ಪಿ, ಬ್ರಿಸ್ಟಲ್ ವರ್ತಕರು ಬಹಿರಂಗವಾಗಿ ಕೈಹಾಕಿದರು. ಆದರೆ ಅದಕ್ಕೆ ಆರು ಶತಮಾನ ಮೊದಲೇ ಇದೇ ನದಿದಡದಲ್ಲಿ ಮನುಷ್ಯರನ್ನು ಮಾರುತ್ತಿದ್ದರು, ಅದೂ ತಮ್ಮದೇ ನಾಡಿನವರನ್ನು. ಇಂಗ್ಲೆಂಡಿನ ಮೂಲೆಮೂಲೆಗಳಿಂದ ಕೊಂಡು ತಂದ ಬಡ ಹುಡುಗ ಹುಡುಗಿಯರನ್ನು ಹಗ್ಗದಲ್ಲಿ ಸಾಲಾಗಿ ಕಟ್ಟಿ ನಿಲ್ಲಿಸುತ್ತಿದ್ದರು. ಅಲ್ಲಿಂದ ಅವರನ್ನು ಐರ್ಲೆಂಡಿಗೆ ಸಾಗಿಸುತ್ತಿದ್ದರು. ಇದನ್ನು ಬರೆದವನು 12ನೇ ಶತಮಾನದ ವಿಲಿಯಂ ಆಫ್ ಮಾಮ್ಸ್‌ಬರಿ ಎಂಬ ಸನ್ಯಾಸಿ, ವೂಸ್ಟರ್‌ನ ಬಿಷಪ್ ವುಲ್ಫ್‌ಸ್ಟನ್‌ನ ಚರಿತ್ರೆಯಲ್ಲಿ.

ಆ ವುಲ್ಫ್‌ಸ್ಟನ್ ಬಗ್ಗೆ ಒಂದು ಮಾತು ಹೇಳಲೇಬೇಕು. ನಾರ್ಮನ್ ದೊರೆಗಳ ಕೈಕೆಳಗೂ ತನ್ನ ಪೀಠ ಉಳಿಸಿಕೊಂಡ ಇಂಗ್ಲಿಷ್ ಬಿಷಪ್ ಅವನು. ಈ ಜನಕ್ಕೆ ದೇವರ ಭಯವೂ ಇಲ್ಲ, ರಾಜನ ಭಯವೂ ಇಲ್ಲ ಎಂದು ಅವನಿಗೆ ಗೊತ್ತಿತ್ತು. ಹಾಗಾಗಿ ಆಜ್ಞೆ ಕಳಿಸಿ ಸುಮ್ಮನಾಗಲಿಲ್ಲ. ತಾನೇ ಬಂದು ಆ ಊರಿನ ಹತ್ತಿರ ಎರಡು ಮೂರು ತಿಂಗಳು ಬಿಡಾರ ಹೂಡಿ, ಪ್ರತಿ ಭಾನುವಾರ ಬೋಧನೆ ಮಾಡಿದ. ಮತ್ತೆ ಮತ್ತೆ ಬಂದ. ನಿಧಾನವಾಗಿ ಮನಸ್ಸುಗಳು ತಿರುಗಿದವು. ಕಥೆ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಪರಿವರ್ತನೆಯಾದ ಊರಿನವರು, ಹಟ ಬಿಡದೆ ವ್ಯಾಪಾರ ಮುಂದುವರಿಸಿದ ತಮ್ಮವನೊಬ್ಬನನ್ನು ಊರಿನಿಂದ ಹೊರದಬ್ಬಿ ಕಣ್ಣು ಕಿತ್ತರು ಎಂದೂ ಅದೇ ಚರಿತ್ರೆ ಹೇಳುತ್ತದೆ. ಬಿಷಪ್‌ನ ಬೋಧನೆಯಲ್ಲಿ ಎಷ್ಟು ತಲೆಗೆ ಹತ್ತಿತ್ತು ಎಂಬುದು ಇದರಿಂದಲೇ ತಿಳಿಯುತ್ತದೆ. 1102ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ಧರ್ಮಸಭೆ, ಮನುಷ್ಯರನ್ನು ದನಗಳಂತೆ ಮಾರಕೂಡದು ಎಂದು ವಿಧಿಸಿತು.

ಕೋಟೆಯ ಕಥೆಯನ್ನು ಬೇಗ ಮುಗಿಸುತ್ತೇನೆ. ಎರಡು ನದಿಗಳ ನಡುವಿನ ದಿಬ್ಬದ ಕುತ್ತಿಗೆಯಂತಿದ್ದ ಜಾಗದಲ್ಲಿ ನಾರ್ಮನರು ಕೋಟೆ ಕಟ್ಟಿದರು. ಗ್ಲಾಸ್ಟರ್‌ನ ಅರ್ಲ್ ಎಂಬ ಪದವಿಯ ಸರದಾರ ರಾಬರ್ಟ್ ಅದಕ್ಕೆ ಕಲ್ಲಿನ ಭಾರೀ ಬುರುಜು ಕೊಟ್ಟ. ಸಿಂಹಾಸನದ ಕಿತ್ತಾಟದಲ್ಲಿ, 1141ರ ಲಿಂಕನ್ ಯುದ್ಧದಲ್ಲಿ, ರಾಬರ್ಟ್‌ನ ಕಡೆಯವರಿಗೆ ಸೆರೆಸಿಕ್ಕ ರಾಜ ಸ್ಟೀಫನ್‌ನನ್ನು ತಂದು ಇಟ್ಟದ್ದು ಇಲ್ಲಿಯೇ. ಸ್ಟೀಫನ್ ಕಡೆಯ ಇತಿಹಾಸಕಾರನೊಬ್ಬ ಬ್ರಿಸ್ಟಲ್ ಜನರನ್ನು ದರೋಡೆಕೋರರೆಂದು ಬೈಯುತ್ತಲೇ, ಸಾವಿರ ಹಡಗಿಗೆ ಸಾಲುವ ಸುರಕ್ಷಿತ ಬಂದರು ಅವರದು ಎಂದು ಒಪ್ಪಿಕೊಂಡಿದ್ದಾನೆ. ಶತ್ರುವಿನ ಹೊಗಳಿಕೆಗೆ ತೂಕ ಹೆಚ್ಚು. ಅರ್ಲ್ ರಾಬರ್ಟ್‌ನ ಸೋದರಳಿಯ ಬಾಲ್ಯದಲ್ಲಿ ಕೆಲಕಾಲ ಈ ಊರಿನಲ್ಲಿದ್ದು ಓದಿದ. ಮುಂದೆ ಅವನೇ ಎರಡನೇ ಹೆನ್ರಿ ಎಂಬ ಹೆಸರಿನಲ್ಲಿ ಪಟ್ಟಕ್ಕೆ ಬಂದು, 1155ರಲ್ಲಿ ಬ್ರಿಸ್ಟಲ್ ವರ್ತಕರಿಗೆ ಸುಂಕವಿನಾಯಿತಿಯ ಸನ್ನದು ಕೊಟ್ಟ. ಐರ್ಲೆಂಡನ್ನು ಹಿಡಿದಾಗ, 1171ರ ಚಳಿಗಾಲದಲ್ಲಿ, ಡಬ್ಲಿನ್ ನಗರವನ್ನೇ ಬ್ರಿಸ್ಟಲ್‌ನ ಜನರಿಗೆ ವಾಸಕ್ಕೆಂದು ಬರೆದುಕೊಟ್ಟ! ಒಂದು ಊರನ್ನು ಇನ್ನೊಂದು ಊರಿನವರಿಗೆ ಉಂಬಳಿ ಕೊಟ್ಟಂತೆ. ಆ ಚಿಕ್ಕ ಚರ್ಮದ ಓಲೆ ಡಬ್ಲಿನ್‌ನ ದಫ್ತರದಲ್ಲಿ ಈಗಲೂ ಇದೆ.

ನನ್ನನ್ನು ಕೇಳಿದರೆ ಬ್ರಿಸ್ಟಲ್‌ನ ಮಧ್ಯಕಾಲದ ಇತಿಹಾಸದಲ್ಲಿ ಅತಿ ದೊಡ್ಡ ಘಟನೆ ಒಂದು ಅಗೆತ. ಯುದ್ಧ, ಪಟ್ಟಾಭಿಷೇಕಗಳೆಲ್ಲ ಆಮೇಲೆ. 13ನೇ ಶತಮಾನಕ್ಕೆ ಹಡಗುಗಳು ದೊಡ್ಡವಾದವು, ಸೇತುವೆಯ ಬಳಿಯ ಹಳೆಯ ಧಕ್ಕೆ ಸಾಲದಾಯಿತು. ಅಲ್ಲಿ ಅಡಿಯಲ್ಲಿ ಕಲ್ಲು ಬೇರೆ. ಇಳಿತದಲ್ಲಿ ಕುಳಿತ ಹಡಗಿಗೆ ಪೆಟ್ಟು. ಊರಿನವರು ಒಂದು ನದಿಯನ್ನೇ ಕದಲಿಸಲು ನಿರ್ಧರಿಸಿದರು. ಸೇಂಟ್ ಅಗಸ್ಟೀನ್ ಮಠದ ಜೌಗು ನೆಲವನ್ನು ಮಠಾಧಿಪತಿಯಿಂದ ಕೊಂಡು, 1240ರ ಆಸುಪಾಸಿನಲ್ಲಿ ಫ್ರೂಮ್ ನದಿಗೆ ಹೊಸ ಪಾತ್ರ ತೋಡಲು ಶುರುಮಾಡಿದರು. ಮುಕ್ಕಾಲು ಕಿಲೋಮೀಟರ್ ಉದ್ದ, 120 ಅಡಿ ಅಗಲ, 18 ಅಡಿ ಆಳ. ಗುದ್ದಲಿ, ಸನಿಕೆ, ಬುಟ್ಟಿ ಬಿಟ್ಟರೆ ಬೇರೆ ಯಂತ್ರ ಇಲ್ಲ. ಖರ್ಚು ಸುಮಾರು 5,000 ಪೌಂಡ್ ಎಂಬ ಲೆಕ್ಕ ಬಳಕೆಯಲ್ಲಿದೆ.

ಇದರಲ್ಲಿ ಒಂದು ಜಗಳವೂ ಇತ್ತು. ಏವನ್‌ನ ಆಚೆ ದಡದ ರೆಡ್‌ಕ್ಲಿಫ್ ಆಗ ಬೇರೆಯೇ ಊರು, ಸಾಮರ್‌ಸೆಟ್ ಸೀಮೆಗೆ ಸೇರಿದ್ದು. ಹೊಸ ಕಾಲುವೆ ಇರುವುದು ಈಚೆ ದಡದಲ್ಲಿ, ಅದಕ್ಕೆ ನಾವೇಕೆ ಬೆವರು ಸುರಿಸಬೇಕು ಎಂದು ಅವರು ಕುಳಿತರು. ನ್ಯಾಯವಾದ ಪ್ರಶ್ನೆಯೇ. ಕೊನೆಗೆ ಮೂರನೇ ಹೆನ್ರಿ ರಾಜನೇ ಅಪ್ಪಣೆ ಹೊರಡಿಸಿ, ನೀವೂ ಕೈಜೋಡಿಸಬೇಕು, ಇಲ್ಲದಿದ್ದರೆ ದಂಡ ಎಂದ. 1247ರ ಹೊತ್ತಿಗೆ ಕಾಲುವೆಯ ಕೆಲಸ ಮುಗಿದು, ಅದೇ ಉಮೇದಿನಲ್ಲಿ ಏವನ್‌ಗೆ ಮರದ ಸೇತುವೆಯ ಬದಲು ಕಲ್ಲಿನ ಸೇತುವೆಯೂ ಬಂತು. ಅದರ ಮೇಲೆ ಸಾಲು ಮನೆಗಳು, ನಡುವೆ ಒಂದು ಪ್ರಾರ್ಥನಾ ಮಂದಿರ. ಎರಡು ದಡ ಸೇರಿ ಒಂದು ಊರಾದದ್ದು ಆಗಲೇ. ಹೊಸ ಕಾಲುವೆಯ ತಳ ಮೆತ್ತನೆಯ ಕೆಸರು; ಹಡಗುಗಳು ಇಳಿತದಲ್ಲಿ ಹಾಸಿಗೆಯ ಮೇಲೆ ಕುಳಿತಂತೆ ಕುಳಿತವು. ಆ ಕಾಲುವೆಯ ಮೇಲ್ಭಾಗವನ್ನು ಈಗ ಮುಚ್ಚಿ ರಸ್ತೆ ಮಾಡಿದ್ದಾರೆ. ನೀವು ಬಸ್ಸಿಗೆ ಕಾದಿದ್ದರೆ ಬಹುಶಃ ಅದರ ಮೇಲೆಯೇ ಕಾದಿದ್ದೀರಿ.

ಈ ಧಕ್ಕೆಗೆ ಬಂದ ಮುಖ್ಯ ಸರಕು ದ್ರಾಕ್ಷಾರಸ, ಅಂದರೆ ವೈನ್. ಎರಡನೇ ಹೆನ್ರಿಯ ಹೆಂಡತಿ ಎಲಿನಾರ್ ತನ್ನ ಜೊತೆಗೆ ಫ್ರಾನ್ಸಿನ ನೈಋತ್ಯದ ಅಕ್ವಿಟೇನ್ ಸೀಮೆಯನ್ನೂ ತಂದಿದ್ದಳು. ಹಾಗಾಗಿ ಆ ಸೀಮೆಯ ಬೋರ್ಡೋ ಪಟ್ಟಣದ ದ್ರಾಕ್ಷಾರಸ ಮೂರು ಶತಮಾನ ಇಂಗ್ಲೆಂಡಿನ ಮನೆಯ ಸರಕಾಯಿತು. ದ್ರಾಕ್ಷಾರಸ ತುಂಬುವ ದೊಡ್ಡ ಪೀಪಾಯಿಗೆ ‘ಟನ್’ ಎಂದು ಹೆಸರು. ಒಂದು ಹಡಗು ಇಷ್ಟು ಟನ್ನಿನದು ಎಂದರೆ ಅಷ್ಟು ಪೀಪಾಯಿ ಹಿಡಿಸುತ್ತದೆ ಎಂದರ್ಥ. ಇವತ್ತು ಹಡಗುಗಳಿಗೆ ಹೇಳುವ ‘ಟನ್’ ಲೆಕ್ಕ ಶುರುವಾದದ್ದು ಆ ಪೀಪಾಯಿಯಿಂದಲೇ. ಪೀಪಾಯಿಗಳನ್ನು ತಂಪಾಗಿಡಲು ವರ್ತಕರು ಮನೆಗಳ ಕೆಳಗೆ, ಬೀದಿಯ ಅಡಿಯವರೆಗೂ, ಕಲ್ಲಿನ ಕಮಾನಿನ ನೆಲಮಾಳಿಗೆಗಳನ್ನು ಕೊರೆದರು. ಊರಿನ ಅರ್ಧ ಆಸ್ತಿ ನೆಲದ ಕೆಳಗಿತ್ತು ಎನ್ನಬಹುದು. ಇದರ ಫಲ ಕೇಳಿ: ಕಬ್ಬಿಣದ ಪಟ್ಟಿಯ ಗಾಡಿಚಕ್ರ ಉರುಳಿದರೆ ಮಾಳಿಗೆ ಕುಸಿದೀತೆಂಬ ಭಯಕ್ಕೆ ಊರೊಳಗೆ ಸರಕನ್ನು ಚಕ್ರವಿಲ್ಲದ ಜಾರುಬಂಡಿಗಳ ಮೇಲೆ ಎಳೆಯುತ್ತಿದ್ದರು. 1668ರಲ್ಲಿ ಬಂದ ದಿನಚರಿಕಾರ ಸ್ಯಾಮ್ಯುಯಲ್ ಪೀಪ್ಸ್ ಕೂಡ, ಮಾಳಿಗೆಗಳ ಮೇಲೆ ನಿಂತ ಈ ಊರಿನಲ್ಲಿ ಗಾಡಿಗಳಿಲ್ಲ, ನಾಯಿ ಎಳೆಯುವ ಬಂಡಿಗಳಷ್ಟೇ ಎಂದು ಬರೆದುಕೊಂಡ.

ಹೊರಗೆ ಹೋದದ್ದು ಮೊದಮೊದಲು ಉಣ್ಣೆ, ಆಮೇಲೆ ಬಟ್ಟೆ. 1340ರ ಹೊತ್ತಿಗೆ ತಾಮಸ್ ಬ್ಲಾಂಕೆಟ್ ಎಂಬ ವರ್ತಕ ಮನೆಯಲ್ಲಿ ಮಗ್ಗಗಳನ್ನು ಹೂಡಿ ನೇಕಾರರನ್ನು ಕೂಲಿಗಿಟ್ಟುಕೊಂಡ. ಊರಿನ ಅಧಿಕಾರಿಗಳು ತೆರಿಗೆ ಜಡಿದು ಕಾಡಿದಾಗ ಮೂರನೇ ಎಡ್ವರ್ಡ್ ರಾಜ ಅವನ ಪರ ನಿಂತ. ನಾವು ಹೊದೆಯುವ ಬ್ಲಾಂಕೆಟ್ಟಿಗೆ ಇವನದೇ ಹೆಸರು ಎಂದು ನಿಮ್ಮ ಗೈಡ್ ಹೇಳಿದ್ದರೆ ನಂಬಬೇಡಿ. ಪದ ಅವನಿಗಿಂತ ಹಳೆಯದು, ಫ್ರೆಂಚಿನಲ್ಲಿ ಬಿಳಿ ಎಂಬರ್ಥದ ಪದದಿಂದ ಬಂದದ್ದು. ನೇಕಾರರ ಬದುಕು ಹೇಗಿತ್ತು ಎಂಬುದಕ್ಕೆ 1461ರ ಒಂದು ಕಟ್ಟಳೆ ಸಾಕ್ಷಿ: ಹೆಂಡತಿ, ಮಗಳು, ಕೆಲಸದ ಹೆಣ್ಣನ್ನು ಮಗ್ಗಕ್ಕೆ ಕೂರಿಸಕೂಡದು, ಅದರಿಂದ ಯುದ್ಧಕ್ಕೆ ಬೇಕಾದ ಗಂಡಸರಿಗೆ ಕೆಲಸ ತಪ್ಪುತ್ತಿದೆ. ನಿಷೇಧ ಬೇಕಾಯಿತು ಎಂದರೆ, ಹೆಂಗಸರು ಮಗ್ಗದಲ್ಲಿ ಚೆನ್ನಾಗಿಯೇ ಕುಳಿತಿದ್ದರು ಎಂದಾಯಿತು.

ನಡುವೆ ದಂಗೆ, ಪಿಡುಗು ಎರಡೂ ಬಂದವು. ಹದಿನಾಲ್ಕು ಮಂದಿ ಸಿರಿವಂತರ ಹಿಡಿತ ಮತ್ತು ಸುಂಕದ ವಿರುದ್ಧ ಊರು ತಿರುಗಿಬಿದ್ದು, 1316ರಲ್ಲಿ ರಾಜನ ಪಡೆ ಕಲ್ಲು ಹೊಡೆಯುವ ಯಂತ್ರಗಳೊಂದಿಗೆ ಮುತ್ತಿಗೆ ಹಾಕಿತು. 4,000 ಮಾರ್ಕ್ (ಮಾರ್ಕ್ ಎಂದರೆ ಆಗಿನ ಹಣದ ಲೆಕ್ಕ) ದಂಡ ಕೊಟ್ಟು ಊರು ಶರಣಾಯಿತು. 1348ರಲ್ಲಿ ಮಹಾಮಾರಿ ಪ್ಲೇಗ್ ಇಂಗ್ಲೆಂಡಿನಲ್ಲಿ ಮೊದಲು ಬಡಿದ ದೊಡ್ಡ ಪಟ್ಟಣಗಳಲ್ಲಿ ಬ್ರಿಸ್ಟಲ್ ಒಂದು. ಆದರೂ 1373ರಲ್ಲಿ ಊರು 600 ಮಾರ್ಕ್ ಕೊಟ್ಟು ಮೂರನೇ ಎಡ್ವರ್ಡ್‌ನಿಂದ ಒಂದು ದೊಡ್ಡ ಹಕ್ಕು ಕೊಂಡುಕೊಂಡಿತು: ಬ್ರಿಸ್ಟಲ್ ಇನ್ನು ಮುಂದೆ ತಾನೇ ಒಂದು ಕೌಂಟಿ, ಅಂದರೆ ಪ್ರತ್ಯೇಕ ಜಿಲ್ಲೆ. ಅಲ್ಲಿಯವರೆಗೆ ಒಂದು ದಡದವರು ಕೋರ್ಟು ಕಚೇರಿಗೆ ಗ್ಲಾಸ್ಟರ್‌ಗೆ, ಇನ್ನೊಂದು ದಡದವರು ಇಲ್ಚೆಸ್ಟರ್‌ಗೆ ಅಲೆಯಬೇಕಿತ್ತು. ಚಳಿಗಾಲದಲ್ಲಿ ಆ ದಾರಿ ಕೆಸರಿನ ಹೊಂಡ ಎಂದು ಸನ್ನದಿನಲ್ಲೇ ದೂರಿದೆ. ಲಂಡನ್ ಬಿಟ್ಟರೆ ಈ ಮರ್ಯಾದೆ ಪಡೆದ ಮೊದಲ ಪಟ್ಟಣ ಇದೇ. 1377ರ ತಲೆಗಂದಾಯದ ಪಟ್ಟಿಯಲ್ಲಿ ಇಲ್ಲಿ 6,345 ಜನ ತೆರಿಗೆ ಕಟ್ಟಿದ್ದಾರೆ. ಲಂಡನ್ ಮತ್ತು ಯಾರ್ಕ್ ಮಾತ್ರ ಮುಂದಿದ್ದವು.

1480ರಲ್ಲಿ ಅರವತ್ತು ದಾಟಿದ ಒಬ್ಬ ಮುದುಕ ಬ್ರಿಸ್ಟಲ್ ಬೀದಿಗಳಲ್ಲಿ ಹೆಜ್ಜೆ ಎಣಿಸುತ್ತ ನಡೆದ. ಹೆಸರು ವಿಲಿಯಂ ವೂಸ್ಟರ್. ಹುಟ್ಟಿದ್ದು ಅದೇ ಊರಿನಲ್ಲಿ, ಬದುಕು ಸವೆಸಿದ್ದು ಸರ್ ಜಾನ್ ಫಾಸ್ಟಾಲ್ಫ್ ಎಂಬ ಸರದಾರನ ಕಾರ್ಯದರ್ಶಿಯಾಗಿ. ಈಗ ಬಿಡುವು ಸಿಕ್ಕಿತ್ತು. ಈ ಧಕ್ಕೆ ಇಷ್ಟು ಹೆಜ್ಜೆ ಉದ್ದ, ಈ ಓಣಿ ಇಷ್ಟು ಹೆಜ್ಜೆ ಅಗಲ, ಈ ಬೀದಿಯ ಮನೆಗಳ ಕೆಳಗೆ ಇಷ್ಟು ಮಾಳಿಗೆ ಎಂದು ಲ್ಯಾಟಿನ್‌ನಲ್ಲಿ ಟಿಪ್ಪಣಿ ಮಾಡಿಕೊಂಡ. ಬೇರಾವ ಇಂಗ್ಲಿಷ್ ಪಟ್ಟಣಕ್ಕೂ ಇಂಥ ಅಳತೆಗಾರ ಆ ಕಾಲದಲ್ಲಿ ಸಿಗಲಿಲ್ಲ. ವಿಲಿಯಂ ಕ್ಯಾನಿಂಗ್ಸ್ ಎಂಬ ಐದು ಸಲ ಮೇಯರ್ ಆದ ಹಡಗುದಣಿಯ ಲೆಕ್ಕ ಕೊಟ್ಟವನೂ ಅವನೇ: ಹತ್ತು ಹಡಗು, ಎಂಟು ವರ್ಷ ಕಾಲ 800 ನಾವಿಕರಿಗೆ ಸಂಬಳ, ದೊಡ್ಡ ಹಡಗು 900 ಟನ್. ಒಂಬೈನೂರು ಪೀಪಾಯಿಗಳನ್ನು ಕಣ್ಣ ಮುಂದೆ ಜೋಡಿಸಿಕೊಳ್ಳಿ. ಈ ಕ್ಯಾನಿಂಗ್ಸ್ ಹೆಂಡತಿ ತೀರಿಕೊಂಡ ಮೇಲೆ ವ್ಯಾಪಾರ ಬಿಟ್ಟು, 1468ರಲ್ಲಿ ಪಾದ್ರಿಯಾದ. ರೆಡ್‌ಕ್ಲಿಫ್‌ನ ಸೇಂಟ್ ಮೇರಿ ಚರ್ಚಿನಲ್ಲಿ ಅವನ ಎರಡು ಮೂರ್ತಿಗಳಿವೆ, ಒಂದು ಹೆಂಡತಿಯ ಪಕ್ಕದಲ್ಲಿ ವರ್ತಕನ ವೇಷದಲ್ಲಿ, ಇನ್ನೊಂದು ಪಾದ್ರಿಯ ವೇಷದಲ್ಲಿ.

ಅಷ್ಟರಲ್ಲಿ ದ್ರಾಕ್ಷಾರಸದ ಬಾಗಿಲು ಮುಚ್ಚುತ್ತ ಬಂದಿತ್ತು. 1453ರಲ್ಲಿ ಬೋರ್ಡೋ ಫ್ರಾನ್ಸಿನ ಪಾಲಾಯಿತು. ವ್ಯಾಪಾರ ಪೂರ್ತಿ ನಿಲ್ಲಲಿಲ್ಲ, ಆದರೆ ಮೊದಲಿನ ನೆಚ್ಚಿಕೆ ಹೋಯಿತು. ರಾಬರ್ಟ್ ಸ್ಟರ್ಮಿ ಎಂಬ ವರ್ತಕ ಮೆಡಿಟರೇನಿಯನ್ ಕಡೆ ಹೋಗಿ ನೇರವಾಗಿ ಮೆಣಸು, ಮಸಾಲೆ ತರುವ ಸಾಹಸ ಮಾಡಿದ. 1458ರಲ್ಲಿ ಇಟಲಿಯ ಬಂದರು ನಗರ ಜಿನೋವಾದವರು ಮಾಲ್ಟಾ ಹತ್ತಿರ ಅವನ ಹಡಗುಗಳನ್ನು ದೋಚಿದರು. ಸಿಟ್ಟಿಗೆದ್ದ ಇಂಗ್ಲೆಂಡ್, ಲಂಡನ್ನಿನಲ್ಲಿದ್ದ ಜಿನೋವಾ ವರ್ತಕರನ್ನು ಹಿಡಿದು ಸೆರೆಗೆ ಹಾಕಿತು. ಪರಿಹಾರ ವಸೂಲಾಯಿತು, ಆ ದಾರಿ ಮಾತ್ರ ತೆರೆಯಲಿಲ್ಲ. ಪೂರ್ವಕ್ಕೆ ಬಿಡುವುದಿಲ್ಲ ಎಂದಮೇಲೆ ಉಳಿದದ್ದು ಪಶ್ಚಿಮ. ಮೀನಿಗಾಗಿ ಐಸ್‌ಲೆಂಡಿನ ಕಡಲು ಅವರಿಗೆ ಆಗಲೇ ಪರಿಚಿತ. ಅದರಾಚೆ ‘ಬ್ರಸಿಲ್’ ಎಂಬ ದ್ವೀಪವಿದೆ ಎಂಬ ಪುಕಾರು ಬೇರೆ. ಅದನ್ನು ಹುಡುಕಲು 1480ರ ಜುಲೈನಲ್ಲಿ ಹೊರಟ 80 ಟನ್ನಿನ ಹಡಗು ಬಿರುಗಾಳಿಗೆ ಸಿಕ್ಕಿ ಬರಿಗೈಲಿ ಮರಳಿದ ಸುದ್ದಿಯನ್ನೂ ಹೆಜ್ಜೆ ಎಣಿಸುವ ನಮ್ಮ ಮುದುಕ ಬರೆದಿಟ್ಟಿದ್ದಾನೆ.

ಆದ್ದರಿಂದ 1497ರಲ್ಲಿ ವೆನಿಸ್‌ನ ಪ್ರಜೆ ಜಾನ್ ಕ್ಯಾಬಟ್ ತನ್ನ ಯಾತ್ರೆಗೆ ಬ್ರಿಸ್ಟಲ್ಲನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಪಶ್ಚಿಮದ ಕಡಲಿಗೆ ಹೆದರದ ನಾವಿಕರು ಆ ಊರಿನಲ್ಲಿ ಸಿಗುತ್ತಿದ್ದರು. ಅವನ ‘ಮ್ಯಾಥ್ಯೂ’ ಹಡಗು ಬರೇ 50 ಪೀಪಾಯಿಯದು, ಜನ ಇಪ್ಪತ್ತರ ಆಸುಪಾಸು. ಜೂನ್ 24ರಂದು ಉತ್ತರ ಅಮೆರಿಕದ ನೆಲ ಕಂಡು, ಆಗಸ್ಟ್‌ನಲ್ಲಿ ಮರಳಿದ. ಜಿಪುಣನೆಂದು ಹೆಸರಾದ ಏಳನೇ ಹೆನ್ರಿ ಕೈಗೆ 10 ಪೌಂಡ್ ಕೊಟ್ಟು, ವರ್ಷಕ್ಕೆ 20 ಪೌಂಡ್ ಪಿಂಚಣಿಯನ್ನು ಬ್ರಿಸ್ಟಲ್‌ನ ಸುಂಕದ ಹಣದಿಂದ ಕೊಡುವಂತೆ ಬರೆದ. ಸುಂಕದ ಅಧಿಕಾರಿಯ ಹೆಸರು ರಿಚರ್ಡ್ ಅಮೆರಿಕ್. ಖಂಡಕ್ಕೆ ಅವನದೇ ಹೆಸರು ಎಂದು ಊರಿನಲ್ಲಿ ಕೆಲವರು ಬಲವಾಗಿ ವಾದಿಸುತ್ತಾರೆ. 1507ರಲ್ಲಿ ‘ಅಮೆರಿಕ’ ಎಂದು ಮೊದಲು ಅಚ್ಚು ಹಾಕಿದ ನಕ್ಷೆಯವರೇ ಅದು ಇಟಲಿಯ ನಾವಿಕ ಅಮೆರಿಗೊ ವೆಸ್ಪುಚಿಯ ಗೌರವಕ್ಕೆ ಎಂದು ಹೇಳಿರುವಾಗ, ಆ ವಾದವನ್ನು ಬ್ರೆನಸ್ ರಾಜನ ಪಕ್ಕದಲ್ಲಿ ಇಡುವುದೇ ಮೇಲು.

ಮತ್ತೆ ಹೋದಾಗ ಟೆಂಪಲ್ ಮೀಡ್ಸ್ ನಿಲ್ದಾಣದಿಂದ ಸೆವರ್ನ್ ಬೀಚ್ ಕಡೆಯ ರೈಲು ಹತ್ತಿ ಸೀ ಮಿಲ್ಸ್‌ನಲ್ಲಿ ಇಳಿಯಿರಿ. ಹೆದ್ದಾರಿಯ ಪಕ್ಕದಲ್ಲೇ ರೋಮನ್ ಕಟ್ಟಡದ ತಳಪಾಯದ ಕಲ್ಲುಗಳಿವೆ. ನದಿಗೆ ಅಲ್ಲಿ ಬಾಗಿಲಿಲ್ಲ, ನೀರು ಇಂದಿಗೂ ತನ್ನಿಷ್ಟದಂತೆ ಏರಿಳಿಯುತ್ತದೆ. ಉಬ್ಬರದ ವೇಳಾಪಟ್ಟಿ ನೋಡಿಕೊಂಡು ಇಳಿತದ ಹೊತ್ತಿಗೆ ಹೋಗಿ, ಬುತ್ತಿ ಬಿಚ್ಚಿಕೊಂಡು ಮೂರು ಗಂಟೆ ಕುಳಿತುಕೊಳ್ಳಿ. ಮೊದಲು ಕಾಣುವುದು ಎರಡು ಕಡೆ ಹೊಳೆಯುವ ಕೆಸರಿನ ಗೋಡೆ, ನಡುವೆ ಒಂದು ಗೀಟಿನಷ್ಟು ನೀರು. ಊಟ ಮುಗಿಯುವಷ್ಟರಲ್ಲಿ ನದಿ ಹಿಂದಕ್ಕೆ ಹರಿಯತೊಡಗಿರುತ್ತದೆ. ದಡದ ಹತ್ತಿರ ತೀರ ಹೋಗಬೇಡಿ. ಆ ಕೆಸರಿಗೆ ನಾನು ಒಂದು ಬೂಟು ಕೊಟ್ಟು ಬಂದಿದ್ದೇನೆ.